ಹಗುರವಾದ ಪತ್ತೇದಾರಿ ಪ್ರೇಮಕಥೆ: ನಮ್ಮಮ್ಮನಿಗೆ ನಾಯಕನಿಗಿಂತ ಕಳ್ಳನೇ ಇಷ್ಟವಾದ. ನಿಮಗೆ?

ಅಪ್ಪೆಮಿಡಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆಯ ಗುಟ್ಟು ಬಯಲಾಗುತ್ತದೆ. ಅಗಾಥಾ ಕ್ರಿಸ್ಟಿಯ ‘ದ ಮ್ಯಾನ್ ಇನ್ ದ ಬ್ರೌನ್ ಸೂಟ್’ ಇನ್ನೂ ಓದಿಲ್ಲ, ಓದಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ. ಓದಿ ಬಂದು ಮಾತಾಡಿ.

ಹೋದ ತಿಂಗಳು ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು. ಎರಡು ಬಗೆಯ ಹನಿ, ನಡುವೆ ಹತ್ತು ನಿಮಿಷ ಬಿಡಬೇಕು. ಆ ಹತ್ತು ನಿಮಿಷ ಅಮ್ಮ ಕಣ್ಣು ಮುಚ್ಚಿಕೊಂಡು ಜಗಲಿಯಲ್ಲಿ ಕೂತಿರುತ್ತಾಳೆ. ಟಿವಿ ಇಲ್ಲ, ಪೇಪರ್ ಇಲ್ಲ. ಹರೆಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ಓದಿದವಳು ಅವಳು. “ಸುಮ್ನೆ ಕೂರೋಕೆ ಆಗಲ್ಲ, ಏನಾದರೂ ಕಥೆ ಹೇಳೇ ಕೂಸೇ” ಅಂದಳು. ನನ್ನ ಕೈಯಲ್ಲಿ ಆಗ ಇದ್ದದ್ದು ಈ ಪುಸ್ತಕ. ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ರಾತ್ರಿ ಒಂದಷ್ಟು ಓದಿಕೊಂಡು, ಮಾರನೇ ದಿನ ಹನಿಯ ಹೊತ್ತಿಗೆ ಕನ್ನಡದಲ್ಲಿ ಹೇಳತೊಡಗಿದೆ.

ಕಥೆ ನಿಮಗೆ ಗೊತ್ತಿರುತ್ತದೆ. ಆ್ಯನ್ ಬೆಡಿಂಗ್‌ಫೆಲ್ಡ್ ಎಂಬ ಹುಡುಗಿ. ಅಪ್ಪ ಆದಿಮಾನವರ ಬಗ್ಗೆ ಅಧ್ಯಯನ ಮಾಡುವ ಪ್ರೊಫೆಸರ್, ತೀರಿಕೊಳ್ಳುತ್ತಾರೆ. ಕೈಯಲ್ಲಿ ಉಳಿದದ್ದು 87 ಪೌಂಡ್ ಚಿಲ್ಲರೆ. ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್ ಸುರಂಗ ರೈಲು ನಿಲ್ದಾಣದಲ್ಲಿ ಅವಳ ಕಣ್ಣೆದುರೇ ಒಬ್ಬ ಏನನ್ನೋ ನೋಡಿ ಬೆದರಿ, ಹಿಂದೆ ಹೆಜ್ಜೆಯಿಟ್ಟು, ವಿದ್ಯುತ್ ಹರಿಯುವ ಹಳಿಯ ಮೇಲೆ ಬಿದ್ದು ಸಾಯುತ್ತಾನೆ. ಡಾಕ್ಟರ್ ಅಂತ ಹೇಳಿಕೊಂಡು ಬಂದವನೊಬ್ಬ ಒಂದು ಚೀಟಿ ಬೀಳಿಸಿ ಹೋಗುತ್ತಾನೆ. ಚೀಟಿಯಲ್ಲಿ ಕೆಲವು ಅಂಕಿಗಳು, ಒಂದು ಹಡಗಿನ ಹೆಸರು. ಆ ಹಡಗಿನಲ್ಲಿ ಕೇಪ್‌ಟೌನಿಗೆ ಮೊದಲ ದರ್ಜೆಯ ಟಿಕೆಟ್ಟೂ 87 ಪೌಂಡ್. ಹುಡುಗಿ ಇದ್ದದ್ದನ್ನೆಲ್ಲ ಕೊಟ್ಟು ಹಡಗು ಹತ್ತಿಬಿಡುತ್ತಾಳೆ. ಇಲ್ಲಿಗೆ ಬಂದಾಗ ಅಮ್ಮ ಮುಚ್ಚಿದ ಕಣ್ಣಲ್ಲೇ ನಕ್ಕಳು. “ಹತ್ತಲಿ ಬಿಡು, ಯಾರು ಕೇಳೋರಿದ್ದಾರೆ ಅವಳಿಗೆ” ಅಂದಳು. ಆ ದನಿಯಲ್ಲಿ ಆಸೆಯೂ ಇತ್ತು ಅಂತ ನನಗನ್ನಿಸಿತು.

ಎರಡು ಜಾಗ ನಿಮಗೆ ಹೇಳಲೇಬೇಕು. ಒಂದು, ಸತ್ತವನ ಬಟ್ಟೆಯಿಂದ ಡಾಂಬರು ಗುಳಿಗೆಯ ವಾಸನೆ ಬರುತ್ತಿರುತ್ತದೆ. ನಾನು ಅಷ್ಟೇ ಹೇಳಿದ್ದು. ಅಮ್ಮ ತಕ್ಷಣ ಕೇಳಿದಳು, “ಅಲ್ಲಿ ಆಗ ಯಾವ ತಿಂಗಳು?” ಜನವರಿ ಅಂದೆ. “ಹಾಗಾದರೆ ಅವ ಸೆಕೆ ಊರಿಂದ ಈಗಷ್ಟೇ ಬಂದವ. ಅಲ್ಲೇ ಇದ್ದವನಾದರೆ ಚಳಿ ಶುರುವಾದಾಗಲೇ ಕೋಟು ತೆಗೆದಿರುತ್ತಿದ್ದ, ಇಷ್ಟೊತ್ತಿಗೆ ವಾಸನೆ ಹೋಗಿರುತ್ತಿತ್ತು.” ಪುಸ್ತಕದಲ್ಲಿ ಆ್ಯನ್ ಕಟ್ಟುವ ತರ್ಕವೂ ಇದೇ! ಪ್ರತಿ ಮಳೆಗಾಲಕ್ಕೆ ಟ್ರಂಕಿನಿಂದ ಶಾಲು, ಕಂಬಳಿ ತೆಗೆದು ಬಿಸಿಲಿಗೆ ಹಾಕುವವಳಿಗೆ ಇದು ಪತ್ತೇದಾರಿಕೆಯೇ ಅಲ್ಲ.

ಇನ್ನೊಂದು, ಹಡಗಿನಲ್ಲಿ ಆ್ಯನ್‌ಗೆ ಸಿಕ್ಕ ಹದಿನೇಳನೇ ನಂಬರಿನ ಕ್ಯಾಬಿನ್. ಅವಳನ್ನು ಅಲ್ಲಿಂದ ಓಡಿಸಬೇಕು ಅಂತ ಯಾರೋ ಕೋಣೆಯಲ್ಲಿ ಏನೋ ಇಟ್ಟಿರುತ್ತಾರೆ. ತಡೆಯಲಾರದ ನಾತ. ಸತ್ತ ಇಲಿಗಿಂತ ಕಡೆ. ಹುಡುಗಿ ಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರಿಂದ ಅದೇನು ಅಂತ ಗುರುತಿಸುತ್ತಾಳೆ. ಏನು ಗೊತ್ತಾ? ಇಂಗು! ನಮ್ಮ ಸಾರಿನ ಒಗ್ಗರಣೆಯ ಇಂಗು. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಎದ್ದು ಒಳಗೆ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡೇ ಕೈಯಾಡಿಸಿ ಇಂಗಿನ ಡಬ್ಬಿ ತಂದಳು. ಮುಚ್ಚಳ ತೆಗೆದು ನನಗೂ ಮೂಸಿಸಿದಳು. “ಇದಕ್ಕೆ ಹೆದರಿ ಯಾರು ಕೋಣೆ ಬಿಡ್ತಾರೆ?” ಆಮೇಲೆ ಸ್ವಲ್ಪ ಯೋಚಿಸಿ, “ಎಣ್ಣೆ ಕಾಣದ ಹಸಿ ಇಂಗು, ಗಾಳಿಯಾಡದ ಕೋಣೆ... ಹ್ಞಾಂ, ಕಷ್ಟವೇ” ಅಂದಳು.

ಈಗ ನನ್ನ ಪ್ರಶ್ನೆ. ಕಥೆಯ ಹೆಚ್ಚಿನ ಭಾಗ ಆ್ಯನ್ ಹೇಳುತ್ತಾಳೆ. ನಡುನಡುವೆ ಸರ್ ಯೂಸ್ಟಸ್ ಪೆಡ್ಲರ್ ಎಂಬ ದೊಡ್ಡ ಮನುಷ್ಯನ ದಿನಚರಿ ಬರುತ್ತದೆ. ಪಾರ್ಲಿಮೆಂಟ್ ಸದಸ್ಯ, ಸುಖಪುರುಷ. ಮಾರ್ಲೋ ಊರಿನಲ್ಲಿರುವ ಅವನ ಖಾಲಿ ಮನೆ ಮಿಲ್ ಹೌಸ್‌ನಲ್ಲಿ ಒಬ್ಬ ಹೆಂಗಸಿನ ಕೊಲೆಯಾಗಿರುತ್ತದೆ. ಕೆಲಸ ಅಂದರೆ ಆಗದು. ಅವನ ಸೆಕ್ರೆಟರಿ ಪ್ಯಾಜೆಟ್‌ಗೆ ಕೆಲಸ ಬಿಟ್ಟರೆ ಬೇರೆ ಆಗದು. ಇವರಿಬ್ಬರ ಜಗ್ಗಾಟಕ್ಕೆ ಅಮ್ಮ ಪ್ರತಿದಿನ ಕಾಯುತ್ತಿದ್ದಳು. “ಇವತ್ತು ಆ ಸೋಮಾರಿ ಬರ್ತಾನಾ?” ಅಂತ ಕೇಳಿಯೇ ತಲೆ ಹಿಂದಕ್ಕೆ ವಾಲಿಸಿ ಹನಿಗೆ ಕಣ್ಣು ಬಿಡುತ್ತಿದ್ದಳು. ಕೊನೆಗೆ ನೋಡಿದರೆ ಎಲ್ಲರೂ ಹುಡುಕುತ್ತಿದ್ದ ‘ಕರ್ನಲ್’ ಎಂಬ ಕಳ್ಳರ ಗುಂಪಿನ ಯಜಮಾನ, ಕೊಲೆ ಮಾಡಿದವನು, ಇವನೇ! ಅಮ್ಮ ಎರಡು ದಿನ ಬೇಜಾರಿನಲ್ಲಿದ್ದಳು. ಅವನು ತಪ್ಪಿಸಿಕೊಂಡು ಬೊಲಿವಿಯಾದಿಂದ ಆ್ಯನ್‌ಗೆ ಕಾಗದ ಬರೆಯುತ್ತಾನೆ ಅಂದಾಗ ಮುಖ ಅರಳಿತು. ನಾಯಕ ಹ್ಯಾರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಮ್ಮಕ್ಕ ಫೋನಿನಲ್ಲಿ “ಕೊಲೆಗಾರನನ್ನೇ ಮೆಚ್ಚೋ ಹಾಗೆ ಬರೆದರೆ ಅದು ಕಾದಂಬರಿಯ ಸೋಲು, ಸುಮ್ನೆ ಹೊತ್ತು ಕಳೆಯೋ ಪುಸ್ತಕ” ಅಂದಳು. ನನಗೆ ಹಾಗನ್ನಿಸುವುದಿಲ್ಲ. ಈ ಪುಸ್ತಕ ಹಗುರವಾಗಿರುವುದರಿಂದಲೇ ನಾವು ಮೋಸಹೋದೆವು ಅಲ್ವಾ? ನಗುವುದರಲ್ಲಿ ಮೈಮರೆತು ಅವನನ್ನು ಅನುಮಾನಿಸಲೇ ಇಲ್ಲ. ಆದರೆ ಪ್ರೇಮದ ಭಾಗ ನನಗೂ ಸಪ್ಪೆ ಅನ್ನಿಸಿತು. ಓದಿದವರು ಏನಂತೀರಿ?

ಹಳೇಹೊತ್ತಿಗೆ

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಡಾಂಬರು ಗುಳಿಗೆಯನ್ನು ನಾನು ಮೊದಲ ಓದಿನಲ್ಲಿ ಗಮನಿಸಿರಲೇ ಇಲ್ಲ.

ನಿಮ್ಮಮ್ಮನಿಗೆ ಯೂಸ್ಟಸ್ ಇಷ್ಟವಾದದ್ದಕ್ಕೆ ಒಂದು ಕಾರಣ ಇದೆ. ಅವನು ನಿಜವಾದ ಮನುಷ್ಯನೊಬ್ಬನಿಂದ ಹುಟ್ಟಿದವನು. 1922ರ ಜನವರಿಯಲ್ಲಿ ಕ್ರಿಸ್ಟಿ ತಮ್ಮ ಗಂಡನ ಜೊತೆ ಹಡಗಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೊರಟರು. ವೆಂಬ್ಲಿಯಲ್ಲಿ 1924ರಲ್ಲಿ ನಡೆಯಬೇಕಿದ್ದ ಬ್ರಿಟಿಷ್ ಸಾಮ್ರಾಜ್ಯ ಪ್ರದರ್ಶನಕ್ಕೆ ದೇಶದೇಶಗಳ ಬೆಂಬಲ ಕೇಳುವ ಪ್ರವಾಸ ಅದು. ಹಡಗಿನ ಹೆಸರು ಕಿಲ್ಡೋನನ್ ಕ್ಯಾಸಲ್. ಕಾದಂಬರಿಯಲ್ಲಿ ಅದೇ ಕಿಲ್ಮಾರ್ಡನ್ ಕ್ಯಾಸಲ್ ಆಯಿತು. ಆ್ಯನ್‌ಗೆ ಮೊದಲ ದಿನಗಳಲ್ಲಿ ತಲೆಯೆತ್ತಲಾರದಷ್ಟು ಕಡಲಬೇನೆ ಬರುತ್ತದಲ್ಲ, ಅದು ಲೇಖಕಿ ಸ್ವತಃ ಪಟ್ಟ ಪಾಡು. ತಂಡದ ಮುಖ್ಯಸ್ಥ ಮೇಜರ್ ಬೆಲ್ಚರ್. ಗಂಡನಿಗೆ ಹಿಂದೆ ಪಾಠ ಹೇಳಿದ ಮೇಷ್ಟ್ರು. ಸಿಡುಕು, ಹಟ, ಆದರೂ ಬಿಡಲಾಗದ ಸೆಳೆತ ಇರುವ ಆಸಾಮಿ. ಅವರ ಮನೆಯ ಹೆಸರೇ ಮಿಲ್ ಹೌಸ್. ಆ ಮನೆಯ ಮೇಲೆ ಒಂದು ಕೊಲೆಯ ಕಥೆ ಬರೆ, ಅದರಲ್ಲಿ ನಾನೂ ಇರಬೇಕು ಅಂತ ಅವರೇ ಹಟ ಹಿಡಿದಿದ್ದರು. ಪುಸ್ತಕದ ಅರ್ಪಣೆಯಲ್ಲೂ ಈ ಬೇಡಿಕೆಯ ನೆನಪಿದೆ.

ಪುಸ್ತಕ ಬಂದದ್ದು 1924ರಲ್ಲಿ. ಅದಕ್ಕೂ ಮೊದಲು ಲಂಡನ್ನಿನ ಒಂದು ಸಂಜೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಪತ್ರಿಕೆಯವರು ಇಟ್ಟ ಹೆಸರು ಕ್ರಿಸ್ಟಿಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೆ 500 ಪೌಂಡ್ ಸಿಕ್ಕಿತು. ಆ ದುಡ್ಡಲ್ಲಿ ಒಂದು ಮಾರಿಸ್ ಕೌಲಿ ಕಾರು ಕೊಂಡರು. ಆ ಕಾರಿನ ಸಂತೋಷವನ್ನು ಅವರು ಮುದುಕಿಯಾದ ಮೇಲೂ ಮರೆಯಲಿಲ್ಲ.

ನಿಮ್ಮ ಮುಖ್ಯ ಮಾತಿಗೆ ಬರುತ್ತೇನೆ. ಹಗುರವಾಗಿರುವುದೇ ಇದರ ಬಲ ಅಂದಿರಿ, ಪೂರ್ತಿ ಒಪ್ಪುತ್ತೇನೆ. ಫ್ಲಾರೆನ್ಸಿಗೆ ಹೋಗಿ ಬಂದೆ ಅನ್ನುವ ಪ್ಯಾಜೆಟ್ ಅಲ್ಲಿನ ಮಾತು ಬಂದರೆ ಯಾಕೆ ತಡವರಿಸುತ್ತಾನೆ? ಯೂಸ್ಟಸ್ ಇದನ್ನು ಬರೆದು ನಗಿಸುತ್ತಾನೆ. ಪಾಪದವನು ಏನೋ ತುಂಟತನ ಮಾಡಿರಬೇಕು ಅಂತ ನಾವೂ ನಗುತ್ತೇವೆ. ಕೊನೆಗೆ ತಿಳಿಯುತ್ತದೆ, ಅವನು ಹೋಗಿದ್ದು ಮಾರ್ಲೋ ಊರಿನಲ್ಲಿ ಗುಟ್ಟಾಗಿ ಇಟ್ಟಿದ್ದ ಹೆಂಡತಿ ಮಕ್ಕಳನ್ನು ನೋಡಲು. ವಿದೇಶದಲ್ಲಿ ಇರಬೇಕಾದ ಯಜಮಾನನನ್ನು ಅವನು ಅಲ್ಲೇ ನೋಡಿಬಿಟ್ಟಿದ್ದ! ಇಡೀ ಕೊಲೆಯ ಕೀಲಿ ಆ ತಮಾಷೆಯೊಳಗೇ ಇದೆ. ಗಂಭೀರವಾದ ಪುಸ್ತಕದಲ್ಲಿ ಇದನ್ನು ಬಚ್ಚಿಡಲು ಆಗುತ್ತಲೇ ಇರಲಿಲ್ಲ. ಎರಡು ವರ್ಷ ಬಿಟ್ಟು ಇದೇ ಉಪಾಯವನ್ನು ಇನ್ನೊಂದು ಕಾದಂಬರಿಯಲ್ಲಿ ಇನ್ನೂ ಧೈರ್ಯವಾಗಿ ಬಳಸಿದರು. ಅದನ್ನು ಓದದವರು ಇಲ್ಲಿರಬಹುದು, ಹೆಸರು ಹೇಳುವುದಿಲ್ಲ.

ಒಂದು ಸಲಹೆ. ದಿನಚರಿಯ ಭಾಗಗಳನ್ನಷ್ಟೇ ಇನ್ನೊಮ್ಮೆ ಓದಿ. ಅವನು ಎಲ್ಲಿ ಬಾಯಿ ಬಿಡುತ್ತಾನೆ, ಎಲ್ಲಿ ಮುಚ್ಚಿಕೊಳ್ಳುತ್ತಾನೆ ಅಂತ ಮಾತ್ರ ನೋಡುತ್ತಾ ಹೋಗಿ.

ಸುಳಿವುಪ್ರಿಯ

ನನಗೆ ಈ ಪುಸ್ತಕ ಹಿಡಿಸಲಿಲ್ಲ. ಚೀಟಿ ಇವಳ ಮುಂದೆಯೇ ಬೀಳಬೇಕು. ವಜ್ರ ತುಂಬಿದ ಫಿಲ್ಮ್ ಡಬ್ಬಿ ಗಾಳಿಕಿಂಡಿಯಿಂದ ಬಿದ್ದರೆ ಇವಳ ಗೆಳತಿಯಾಗುವ ಹೆಂಗಸಿನ ಕ್ಯಾಬಿನ್ನಿಗೇ ಬೀಳಬೇಕು. ಕಳ್ಳರ ಗುಂಪಿನ ಒಬ್ಬನೇ ವೇಷ ಬದಲಿಸಿ ಪಾದ್ರಿಯೂ ಆಗುತ್ತಾನೆ, ಟೈಪ್ ಮಾಡುವ ಹೆಂಗಸೂ ಆಗುತ್ತಾನೆ. ಪತ್ತೇದಾರಿ ಕಥೆ ಅಂದಮೇಲೆ ಓದುವವನಿಗೂ ಬಿಡಿಸಲು ಒಂದು ಅವಕಾಶ ಬೇಕು. ಇಲ್ಲಿ ಅದೃಷ್ಟವೇ ಅರ್ಧ ಕೆಲಸ ಮಾಡುತ್ತದೆ. ಆ ಡಾಂಬರು ಗುಳಿಗೆ ಮಾತ್ರ ನಿಜಕ್ಕೂ ಒಳ್ಳೆಯ ಸುಳಿವು. ಅಂಥವು ಇನ್ನೂ ನಾಲ್ಕು ಇದ್ದಿದ್ದರೆ ನಾನೂ ಮೆಚ್ಚುತ್ತಿದ್ದೆ.

ಸಾಧನಕೇರಿ

ಪ್ರೇಮದ ಭಾಗ ಸಪ್ಪೆ ಅಂದಿರಿ. ನನಗ ಸಪ್ಪೆ ಅಲ್ಲ, ಅದು ನೋವು ಕೊಟ್ಟಿತು. ಮೊದಲ ಅರ್ಧದಲ್ಲಿ ಯಾರ ಮಾತೂ ಕೇಳದೆ ಹಡಗು ಹತ್ತಿದ ಹುಡುಗಿ. ಪತ್ರಿಕೆಯ ಮಾಲೀಕನ ಮನೆಗೇ ನುಗ್ಗಿ ನನಗೆ ಕೆಲಸ ಕೊಡಿ ಅಂದವಳು. ಅದೇ ಹುಡುಗಿ ಮುಂದೆ, ಹೆಣ್ಣಿಗೆ ತನ್ನನ್ನು ಆಳುವ ಗಂಡೇ ಇಷ್ಟ ಅನ್ನುವ ಅರ್ಥದ ಮಾತಾಡುತ್ತಾಳೆ. ಹ್ಯಾರಿ ಸಿಟ್ಟು ಮಾಡಿದಷ್ಟೂ ಇವಳಿಗೆ ಪ್ರೀತಿ ಜಾಸ್ತಿ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ಇಂಥ ಸಿಟ್ಟನ್ನು ಪ್ರೀತಿ ಅಂದುಕೊಂಡು ಓದು ಬಿಟ್ಟ ಹುಡುಗಿಯರನ್ನು ಕಂಡಿದ್ದೇನೆ. ನೂರು ವರ್ಷದ ಹಿಂದಿನ ಪುಸ್ತಕ, ಆಗ ಹಾಗೆ ಬರೆಯುತ್ತಿದ್ದರು ಅನ್ನುವುದು ಗೊತ್ತು. ಆದರೂ ಓದುವಾಗ ಎದೆಗೆ ಚುಚ್ಚುತ್ತದೆ ನೋಡ್ರಿ.

ನನ್ನ ಮೆಚ್ಚಿನವರು ಅದೇ ಹಡಗಿನ ಇನ್ನೊಬ್ಬ ಪ್ರಯಾಣಿಕ ಕರ್ನಲ್ ರೇಸ್. ಆ್ಯನ್‌ಳನ್ನು ಮದುವೆಯಾಗು ಅಂತ ಕೇಳುತ್ತಾರೆ. ಇಲ್ಲ ಅಂದರೆ ಇಲ್ಲ ಅಂತ ಕೇಳಿಸಿಕೊಳ್ಳುತ್ತಾರೆ. ಕೊನೆಗೆ ಹ್ಯಾರಿಯೇ ಒಂದು ಶ್ರೀಮಂತ ಮನೆತನದ ಮಗ ಅಂತ ಬಯಲಾದಾಗ, ರೇಸ್‌ಗೆ ಬಂದಿದ್ದ ಆಸ್ತಿಯೂ ಹೋಗುತ್ತದೆ. ಆಸ್ತಿಯೂ ಇಲ್ಲ, ಹುಡುಗಿಯೂ ಇಲ್ಲ. ಆದರೂ ಒಂದು ಕಹಿ ಮಾತಿಲ್ಲ. ಕ್ರಿಸ್ಟಿಗೂ ಅವರನ್ನು ಬಿಡಲು ಮನಸ್ಸಾಗಲಿಲ್ಲ ಅಂತ ಕಾಣುತ್ತದೆ. ಮುಂದೆ ಇನ್ನೂ ಮೂರು ಕಾದಂಬರಿಗಳಲ್ಲಿ ಬರುತ್ತಾರೆ, ‘ಡೆತ್ ಆನ್ ದ ನೈಲ್’ನಲ್ಲೂ.

ಸುಳಿವುಪ್ರಿಯ ಅವರೇ, ಅದೃಷ್ಟದ ಮಾತು ನಿಜ. ಆದರೆ ಇದು ಸಾಹಸದ ಕಥೆ. ಆ್ಯನ್ ಪ್ರತಿವಾರ ಊರಿನ ಟಾಕೀಸಿನಲ್ಲಿ ಸಾಹಸದ ಸಿನಿಮಾ ನೋಡಿ ಬೆಳೆದವಳು. ಅಂಥದ್ದು ತನಗೂ ಆಗಲಿ ಅಂತ ಕಾದವಳು. ಅದಕ್ಕೇ ಚೀಟಿ ಅವಳ ಮುಂದೆ ಬೀಳುತ್ತದೆ. ನನಗೆ ಅದು ಸರಿ ಅನ್ನಿಸಿತು.

ಜೋಬರ್ಗ್ ಕನ್ನಡಿಗ

ಅಪ್ಪೆಮಿಡಿ ಅಕ್ಕ, ನಾನು ಜೊಹಾನ್ಸ್‌ಬರ್ಗಿನಲ್ಲಿ ಏಳು ವರ್ಷದಿಂದ ಇದ್ದೇನೆ. ಈ ಪುಸ್ತಕ ಓದಿದ್ದೂ ಇಲ್ಲಿಗೆ ಬಂದಮೇಲೆ. ಅದಕ್ಕೆ ನನಗೆ ಕಂಡದ್ದು ಬೇರೆ.

ಆ್ಯನ್ ಕೇಪ್‌ಟೌನಿನ ಹತ್ತಿರ ಮ್ಯೂಜೆನ್‌ಬರ್ಗ್ ಕಡಲತೀರದಲ್ಲಿ ಹಲಗೆ ಹಿಡಿದು ಅಲೆಯ ಮೇಲೆ ಬರಲು ಒದ್ದಾಡುತ್ತಾಳಲ್ಲ, ಆ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಣ್ಣಬಣ್ಣದ ಮರದ ಗೂಡುಗಳ ಸಾಲು, ಉದ್ದಕ್ಕೆ ಬಿಳಿ ನೊರೆ. ಕ್ರಿಸ್ಟಿ 1922ರಲ್ಲಿ ತಾವೇ ಅಲ್ಲಿ ಅಲೆಸವಾರಿ ಕಲಿತವರು. ಮೂಗಿಗೆ ಮರಳು ಹೋಗುವ ಸುಖ ಗೊತ್ತಿದ್ದವರು ಮಾತ್ರ ಹಾಗೆ ಬರೆಯಬಲ್ಲರು. ರೈಲು ನಿಂತಲ್ಲೆಲ್ಲ ಮರದ ಜಿರಾಫೆ, ಆನೆ ಮಾರಲು ಬರುತ್ತಾರೆ, ಹೆಂಗಸರು ರಾಶಿ ರಾಶಿ ಕೊಳ್ಳುತ್ತಾರೆ. ನಮ್ಮ ಮನೆಯ ಶೋಕೇಸಿನಲ್ಲೂ ಅಂಥ ಜಿರಾಫೆ ಮೂರು ಇವೆ. ಊರಿಗೆ ಬರುವಾಗ ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದರೂ ಕಿವಿ ಮುರಿದಿತ್ತು.

ನನಗೆ ಬೇಸರವಾದದ್ದು ಒಂದೇ. ಕೊನೆಯ ಭಾಗದಲ್ಲಿ ಜೊಹಾನ್ಸ್‌ಬರ್ಗಿನ ಗಲಭೆ ಬರುತ್ತದಲ್ಲ, ಅದು ನಡೆದ ಘಟನೆ. 1922ರ ಚಿನ್ನದ ಗಣಿ ಮುಷ್ಕರ. ಚಿನ್ನದ ಬೆಲೆ ಇಳಿದಾಗ ಗಣಿ ಮಾಲೀಕರು ಕಡಿಮೆ ಕೂಲಿಗೆ ಕಪ್ಪು ಜನರನ್ನು ಹೆಚ್ಚಿನ ಕೆಲಸಗಳಿಗೆ ಹಾಕಲು ಹೊರಟರು. ಬಿಳಿ ಕೆಲಸಗಾರರು ತಿರುಗಿಬಿದ್ದರು. ಜಗತ್ತಿನ ಕಾರ್ಮಿಕರೇ ಒಂದಾಗಿ ಅಂತ ಕೂಗುತ್ತಲೇ, ಬಿಳಿಯರ ದಕ್ಷಿಣ ಆಫ್ರಿಕಾ ಬೇಕು ಅಂದರು. ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಸ್ಮಟ್ಸ್ ಅವರ ಸರ್ಕಾರ ಸೈನ್ಯ ಇಳಿಸಿತು, ವಿಮಾನದಿಂದ ಬಾಂಬು ಹಾಕಿತು. ಮುಷ್ಕರದವರ ಗಟ್ಟಿ ನೆಲೆ ಫೋರ್ಡ್ಸ್‌ಬರ್ಗ್. ಇವತ್ತು ಅದು ಭಾರತೀಯರ ಅಂಗಡಿಗಳಿಂದ ತುಂಬಿದ ಬಡಾವಣೆ. ನಾನು ತೊಗರಿಬೇಳೆ, ಹುಣಸೆಹಣ್ಣು, ನಿಮ್ಮಮ್ಮ ಮೂಸಿಸಿದ ಆ ಇಂಗು ತರುವುದೂ ಅಲ್ಲಿಂದಲೇ. ಇಷ್ಟು ದೊಡ್ಡ ವಿಷಯವನ್ನು ಕಾದಂಬರಿ ಒಬ್ಬ ಕಳ್ಳನ ಕೈವಾಡ ಮಾಡಿಬಿಟ್ಟಿದೆ. ಕಪ್ಪು ಜನರು ಬರುವುದು ಸಾಮಾನು ಹೊರಲು, ಗೊಂಬೆ ಮಾರಲು ಮಾತ್ರ. ಅವರಲ್ಲಿ ಒಬ್ಬರಾದರೂ ಎರಡು ಮಾತು ಆಡಿದ್ದರೆ ಪುಸ್ತಕದ ತೂಕವೇ ಬೇರೆಯಾಗುತ್ತಿತ್ತು. ಹಗುರ ಇರಲಿ ಅಕ್ಕ, ನನಗೂ ಬೇಕು. ನಡೆದದ್ದನ್ನೇ ಹಗುರ ಮಾಡಿದಾಗ ಮಾತ್ರ ಮನಸ್ಸು ಒಪ್ಪಲಿಲ್ಲ.

ಅಂದಹಾಗೆ, ವಿಕ್ಟೋರಿಯಾ ಜಲಪಾತದ ಭಾಗಕ್ಕೆ ಅಮ್ಮ ಏನಂದರು? ಸಾಗರದವರು ಅಂದಮೇಲೆ ಜೋಗ ನೆನಪಾಗದೆ ಇರಲ್ಲ.

ಅಪ್ಪೆಮಿಡಿ

ಎಲ್ಲರ ಉತ್ತರವನ್ನೂ ಅಮ್ಮನಿಗೆ ಓದಿ ಹೇಳಿದೆ. ಇವತ್ತಿನ ಸಂಜೆಯ ಹನಿಯ ಹೊತ್ತು ಅದರಲ್ಲೇ ಕಳೆಯಿತು. ಎರಡನೇ ಹನಿ ಹಾಕುವುದು ಇಪ್ಪತ್ತು ನಿಮಿಷ ತಡವಾಯಿತು.

ಜೋಬರ್ಗ್ ತಮ್ಮ, ಜಲಪಾತ ಅಂದ ಕೂಡಲೇ ಅಮ್ಮ ಕೇಳಿದ ಮೊದಲ ಪ್ರಶ್ನೆ “ಜೋಗಕ್ಕಿಂತ ದೊಡ್ಡದಾ?” ಅಂತ. ನೋಡಿ ಹೇಳಿದೆ. ಎತ್ತರದಲ್ಲಿ ನಮ್ಮದೇ ಮುಂದೆ, ಜೋಗ 253 ಮೀಟರ್, ಅದು 108. ಆದರೆ ಅಗಲ ಸುಮಾರು 1,700 ಮೀಟರ್. “ಅಷ್ಟಗಲವಾ!” ಅಂತ ಎರಡೂ ಕೈ ಚಾಚಿ ಕೂತಳು. ಆ್ಯನ್ ರಾತ್ರಿ ಕೊರಕಲಿಗೆ ಬೀಳುವ ಕಡೆ ಮಾತ್ರ ಉಸಿರು ಬಿಗಿಹಿಡಿದಿದ್ದಳು. ನಮ್ಮೂರಿನವರಿಗೆ ಮಳೆಗಾಲದ ಬಂಡೆ ಹೇಗೆ ಜಾರುತ್ತದೆ ಅಂತ ಹೇಳಿಕೊಡಬೇಕಿಲ್ಲ. ಮುಷ್ಕರದ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾನು ಆ ಭಾಗವನ್ನು ಅಮ್ಮನಿಗೆ ಎರಡೇ ವಾಕ್ಯದಲ್ಲಿ ಹೇಳಿ ದಾಟಿಸಿದ್ದೆ. ಈಗ ನೀವು ಬರೆದದ್ದನ್ನೇ ಓದಿ ಹೇಳಿದೆ. ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು.

ಸಾಧನಕೇರಿ ಮೇಡಂ, ರೇಸ್ ಬಗ್ಗೆ ಅಮ್ಮನದು ನಿಮ್ಮದೇ ಮಾತು. “ಮದುವೆಯಾಗೋಕೆ ಅವನೇ ಸರಿ. ಆದರೆ ಜೊತೆಗೆ ಕೂತು ಕಾಫಿ ಕುಡಿಯೋಕೆ ಆ ಕಳ್ಳನೇ ಬೇಕು” ಅಂದಳು. ಹ್ಯಾರಿಯ ವಿಷಯ ನಾನೇ ಕೆದಕಿ ಕೇಳಿದೆ. “ಸಿಡುಕನ ಜೊತೆ ದ್ವೀಪದಲ್ಲಿ ಇಬ್ಬರೇ ಇರೋದು ಸುಲಭ ಅಲ್ಲ ಕೂಸೇ, ಪಕ್ಕದ ಮನೆಯೂ ಇರಲ್ಲ.”

ಹಳೇಹೊತ್ತಿಗೆ ಸರ್, ನಿಮ್ಮ ಸಲಹೆಯನ್ನು ಅಮ್ಮ ತಕ್ಷಣ ಒಪ್ಪಿಕೊಂಡಳು. ಹನಿ ಹಾಕುವುದು ಇನ್ನು ಒಂಬತ್ತು ದಿನ ಇದೆ. ನಾಳೆ ಬೆಳಿಗ್ಗೆಯಿಂದ ದಿನಚರಿ ಮಾತ್ರ, ಒಂದಕ್ಷರ ಬಿಡದೆ. ಅವನು ಬಾಯಿ ಮುಚ್ಚಿಕೊಂಡ ಜಾಗ ಬಂದಾಗ ನಾನು ಹೇಳಬಾರದಂತೆ, ಅವಳೇ ಕೈಯೆತ್ತುತ್ತಾಳಂತೆ.